ಮಿದುಳಿನ ಆನುವಂಶಿಕ ಕಾಯಿಲೆಗೆ ಸ್ಟೆಮ್ ಸೆಲ್ ಕಸಿ: ಹತ್ತು ವರ್ಷ ಆದಮೇಲೆ ಏನು?

"ಸ್ಟೆಮ್ ಸೆಲ್ ಕಸಿ ಮಾಡಿಸಿದ್ರೆ ಹುಡುಗ ಸರಿಹೋಗ್ತಾನಾ ಸಾರ್?" ಮಗುವಿಗೆ ಹುಟ್ಟಿನಿಂದಲೇ ಬಂದ ಮಿದುಳಿನ ಕಾಯಿಲೆ ಇದೆ ಅಂತ ಗೊತ್ತಾದ ದಿನ ಯಾವ ಅಪ್ಪನಾದರೂ ಕೇಳುವ ಮೊದಲ ಪ್ರಶ್ನೆ ಇದು. ಕಸಿ ಅಂದರೆ, ಮೂಳೆಯೊಳಗೆ ರಕ್ತ ಹುಟ್ಟುವ ಜಾಗವಾದ ಮಜ್ಜೆಯನ್ನು ಖಾಲಿ ಮಾಡಿ, ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು ದಾನಿಯಿಂದ ತಂದು ಮಗುವಿಗೆ ಕೊಡುವುದು. ಹೌದು ಅನ್ನುವ ಉತ್ತರವೂ ಇದೆ, ಇಲ್ಲ ಅನ್ನುವ ಉತ್ತರವೂ ಇದೆ. ಎರಡೂ ಸುಳ್ಳಲ್ಲ. ಯಾವ ಆಸ್ಪತ್ರೆ, ಎಷ್ಟು ದುಡ್ಡು ಅನ್ನುವುದಕ್ಕಿಂತ ಜಾಸ್ತಿ, ಕಾಯಿಲೆ ಯಾವ ಹಂತದಲ್ಲಿ ಗೊತ್ತಾಯಿತು ಅನ್ನುವುದರ ಮೇಲೆ ಉತ್ತರ ನಿಂತಿದೆ.

ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಅಡ್ರಿನೋಲ್ಯೂಕೋಡಿಸ್ಟ್ರೋಫಿ ಅನ್ನುವ, ಮಿದುಳಿನ ನರಗಳ ಹೊದಿಕೆ ಕಳಚಿಹೋಗುವ ಕಾಯಿಲೆ ಇದೆ, ಚಿಕ್ಕದಾಗಿ ಎಎಲ್‌ಡಿ ಅನ್ನುತ್ತಾರೆ. 1982ರಿಂದ 1999ರವರೆಗೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಈ ಕಾಯಿಲೆಗೆ ಕಸಿ ಮಾಡಿಸಿಕೊಂಡ 126 ಹುಡುಗರ ಲೆಕ್ಕವನ್ನು 2004ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದರು. ಅವರಲ್ಲಿ 94 ಹುಡುಗರ ಪೂರ್ತಿ ಮಾಹಿತಿ ಸಿಕ್ಕಿತ್ತು. ಎಲ್ಲರನ್ನೂ ಸೇರಿಸಿ ನೋಡಿದರೆ ಎಂಟು ವರ್ಷದ ನಂತರ ಬದುಕಿದ್ದವರು ಶೇಕಡಾ 56ರಷ್ಟು. ಅದೇ ಅಂಕಿಯನ್ನು ಬಿಡಿಸಿ ನೋಡಿದರೆ ಚಿತ್ರವೇ ಬೇರೆ. ಕಸಿಯ ಹೊತ್ತಿಗೆ ನರದ ತೊಂದರೆ ಒಂದೂ ಇಲ್ಲದ ಅಥವಾ ಒಂದೇ ಒಂದು ಇದ್ದ, ಎಂಆರ್‌ಐನಲ್ಲಿ ಹಾನಿ ಕಡಿಮೆ ಇದ್ದ ಹುಡುಗರಲ್ಲಿ ಐದು ವರ್ಷದ ನಂತರ ಶೇಕಡಾ 92 ಮಂದಿ ಬದುಕಿದ್ದರು. ಉಳಿದವರಲ್ಲಿ ಶೇಕಡಾ 45. ಅದೇ ಕಾಯಿಲೆ, ಅದೇ ಚಿಕಿತ್ಸೆ. ತೀರಿಕೊಂಡವರಲ್ಲೂ ಹೆಚ್ಚಿನವರನ್ನು ತೆಗೆದುಕೊಂಡು ಹೋಗಿದ್ದು ಕಸಿಯ ತೊಡಕಲ್ಲ, ನಿಲ್ಲದೆ ಮುಂದುವರಿದ ಕಾಯಿಲೆ.

ರಕ್ತದ ಕೋಶ ಹಾಕಿದರೆ ಮಿದುಳು ಹೇಗೆ ಉಳಿಯುತ್ತದೆ ಅಂತ ಅನುಮಾನ ಬರುತ್ತದೆ ಅಲ್ವಾ? ಬರಲೇಬೇಕು. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಅನ್ನುವ ಕೋಶಗಳಿವೆ. ಸತ್ತ ಕೋಶಗಳನ್ನು ಎತ್ತಿಹಾಕೋದು, ಸೋಂಕು ಬಂದರೆ ಎದುರಿಸೋದು ಅವುಗಳ ಕೆಲಸ. ಕಸಿ ಆದಮೇಲೆ ದಾನಿಯ ಮಜ್ಜೆಯಿಂದ ಹುಟ್ಟಿದ ಬಿಳಿ ರಕ್ತಕಣಗಳಲ್ಲಿ ಒಂದಿಷ್ಟು ಮಿದುಳಿಗೆ ಹೋಗಿ, ಅಲ್ಲಿ ಮೈಕ್ರೋಗ್ಲಿಯಾದಂಥ ಕೋಶಗಳಾಗಿ ನೆಲೆ ನಿಲ್ಲುತ್ತವೆ. ಕಾಯಿಲೆ ಯಾವುದೋ ಕಿಣ್ವ ಇಲ್ಲದ್ದರಿಂದ ಬಂದಿದ್ದರೆ, ಈ ಹೊಸ ಕೋಶಗಳು ಆ ಕಿಣ್ವವನ್ನು ತಯಾರಿಸಿ ಸ್ವಲ್ಪ ಹೊರಗೂ ಬಿಡುತ್ತವೆ, ಅಕ್ಕಪಕ್ಕದ ಕೋಶಗಳು ಅದನ್ನು ಹೀರಿಕೊಳ್ಳುತ್ತವೆ. ಇದರ ಮೊದಲ ಸುಳಿವು ಸಿಕ್ಕಿದ್ದು 1968ರಲ್ಲಿ, ಅಮೆರಿಕದ ಎಲಿಜಬೆತ್ ನ್ಯೂಫೆಲ್ಡ್ ಅವರ ಪ್ರಯೋಗಾಲಯದಲ್ಲಿ. ಹರ್ಲರ್, ಹಂಟರ್ ಅನ್ನುವುದು ಬೇರೆ ಬೇರೆ ಕಿಣ್ವ ಇಲ್ಲದ್ದರಿಂದ ಬರುವ ಎರಡು ಆನುವಂಶಿಕ ಕಾಯಿಲೆ. ಹರ್ಲರ್ ಕಾಯಿಲೆಯ ಕೋಶಗಳನ್ನೂ ಹಂಟರ್ ಕಾಯಿಲೆಯ ಕೋಶಗಳನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿದಾಗ ಎರಡೂ ಒಂದನ್ನೊಂದು ಸರಿಮಾಡಿದವು. ಹನ್ನೆರಡು ವರ್ಷದ ನಂತರ, 1980ರಲ್ಲಿ, ಲಂಡನ್ನಿನಲ್ಲಿ ಹರ್ಲರ್ ಮಗುವೊಂದಕ್ಕೆ ಮೊದಲ ಮಜ್ಜೆ ಕಸಿ ಆಯಿತು.

ಎಎಲ್‌ಡಿಯಲ್ಲಿ ಮಾತ್ರ ಈ ಕಿಣ್ವದ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕೆಟ್ಟಿರುವ ಪ್ರೋಟೀನು ಕೋಶದ ಒಳಗೇ ಇರುವಂಥದ್ದು, ಹೊರಗೆ ಬಿಡಲು ಬರುವುದಿಲ್ಲ. ದಾನಿಯ ಕೋಶಗಳು ಮಿದುಳಿನಲ್ಲಿ ನಡೆಯುತ್ತಿರುವ ಉರಿಯೂತವನ್ನು ನಿಲ್ಲಿಸುತ್ತವೆ. ಅಷ್ಟು ಮಾಡಿದರೂ ಸಾಕು, ದೊಡ್ಡ ವಿಷಯವೇ.

ಎಎಲ್‌ಡಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಎಬಿಸಿಡಿ1 ಅನ್ನುವ ಜೀನು ಕೆಟ್ಟಿರುತ್ತದೆ. ಅದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಹುಡುಗರಿಗೆ ಅದು ಇರುವುದು ಒಂದೇ. ಹಾಗಾಗಿ ಬಾಲ್ಯದಲ್ಲೇ ಮಿದುಳಿಗೆ ಹೊಡೆತ ಬೀಳುವುದು ಹುಡುಗರಿಗೆ. ತುಂಬಾ ಉದ್ದದ ಸರಪಳಿಯ ಕೊಬ್ಬಿನಾಮ್ಲಗಳು ಒಡೆಯದೆ ದೇಹದಲ್ಲಿ ಸೇರಿಕೊಳ್ಳುತ್ತವೆ, ಮುಖ್ಯವಾಗಿ ನರಗಳಲ್ಲಿ ಮತ್ತು ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ. ಕರೆಂಟು ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ನರತಂತುಗಳ ಮೇಲೆ ಮಯಲಿನ್ ಅನ್ನುವ ಹೊದಿಕೆ ಇದೆ. ಈ ಕಾಯಿಲೆಯಲ್ಲಿ ಅದು ಕಳಚಿಹೋಗುತ್ತದೆ. ಜೀನು ಕೆಟ್ಟಿರುವ ಹುಡುಗರಲ್ಲಿ ಸುಮಾರು ಮೂರನೇ ಒಂದು ಭಾಗ ಅಥವಾ ಸ್ವಲ್ಪ ಜಾಸ್ತಿ ಮಂದಿಗೆ ನಾಲ್ಕರಿಂದ ಹತ್ತು ವರ್ಷದೊಳಗೆ ಮಿದುಳಿನ ಕಾಯಿಲೆ ಶುರುವಾಗುತ್ತದೆ. ಅಲ್ಲಿಯವರೆಗೆ ಹುಡುಗ ಎಲ್ಲರ ಹಾಗೇ ಇರುತ್ತಾನೆ.

ಶಿಡ್ಲಘಟ್ಟದಲ್ಲಿ ಏಳು ವರ್ಷದ ಒಬ್ಬ ಹುಡುಗ ಇದ್ದಾನೆ ಅಂತ ಇಟ್ಟುಕೊಳ್ಳಿ. ಅಪ್ಪ ರೇಷ್ಮೆ ರೀಲರ್. ಅವರು ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಸಿ ಬರುವಷ್ಟರಲ್ಲಿ ಮಗ ಸ್ಕೂಲಿಗೆ ಹೋಗಿರುತ್ತಾನೆ. ಒಂದನೇ ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದವನು ಎರಡಕ್ಕೆ ಬಂದಮೇಲೆ ಸೊಟ್ಟಸೊಟ್ಟಗೆ ಬರೆಯುತ್ತಾನೆ. ಮೇಡಂ ಕರೆದರೆ ಕೆಲವು ಸಲ ತಿರುಗಿಯೂ ನೋಡುವುದಿಲ್ಲ. ಮೊದಲು ಟ್ಯೂಷನ್ನಿಗೆ ಹಾಕುತ್ತಾರೆ. ಆಮೇಲೆ ಚಿಂತಾಮಣಿಯಲ್ಲೋ ಚಿಕ್ಕಬಳ್ಳಾಪುರದಲ್ಲೋ ಕಿವಿ ಡಾಕ್ಟರಿಗೆ ತೋರಿಸುತ್ತಾರೆ, ಕಿವಿ ಸರಿ ಇದೆ ಅಂತ ರಿಪೋರ್ಟು ಬರುತ್ತದೆ. ನಿಜಕ್ಕೂ ಕಿವಿ ಸರಿಯಾಗೇ ಇದೆ. ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಮಿದುಳಿನ ಭಾಗ ಕೆಡುತ್ತಿದೆ. ಮುಂದೆ ಕನ್ನಡಕ. ಅದರ ಮುಂದೆ "ಹುಡುಗ ಚೇಷ್ಟೆ ಜಾಸ್ತಿ, ಗಮನ ಕೊಡಲ್ಲ" ಅಂತ ಇನ್ನೊಂದು ಹೆಸರು. ಕೊನೆಗೆ ಒಂದು ದಿನ ಫಿಟ್ಸ್ ಬಂದು, ಬೆಂಗಳೂರಿನಲ್ಲಿ ಎಂಆರ್‌ಐ ತೆಗೆದರೆ, ಮಿದುಳಿನ ಹಿಂಭಾಗದಲ್ಲಿ ಎಡಕ್ಕೂ ಬಲಕ್ಕೂ ಚಿಟ್ಟೆಯ ರೆಕ್ಕೆಯಂಥ ಬಿಳಿ ಮಚ್ಚೆ. ಇಷ್ಟರಲ್ಲಿ ಯಾರೂ ಬೇಜವಾಬ್ದಾರಿಯಿಂದ ನಡೆದುಕೊಂಡಿಲ್ಲ. ಎಲ್ಲರೂ ತಮಗೆ ತೋಚಿದ್ದನ್ನು ಮಾಡಿದ್ದಾರೆ. ಆದರೂ ಕಸಿ ಮಾಡಬಹುದಾಗಿದ್ದ ಸಮಯ ಕಳೆದುಹೋಗಿದೆ.

ಆ ಎಂಆರ್‌ಐಗೆ ಅಂಕ ಕೊಡುತ್ತಾರೆ. ಡೇನಿಯಲ್ ಲೋಸ್ ಅನ್ನುವ ರೇಡಿಯಾಲಜಿಸ್ಟ್ 1994ರಲ್ಲಿ ಮಾಡಿಕೊಟ್ಟ ಅಳತೆ ಅದು. ಸೊನ್ನೆಯಿಂದ 34ರವರೆಗೆ. ಸೊನ್ನೆ ಅಂದರೆ ಹಾನಿ ಇಲ್ಲ. ಅಂಕ ಒಂದಂಕಿಯಲ್ಲಿ, ಅದರಲ್ಲೂ ಐದರ ಒಳಗೆ ಇದ್ದಾಗ ಕಸಿ ಮಾಡಿದರೆ ಹುಡುಗ ಸ್ಕೂಲಿಗೆ ವಾಪಸ್ ಹೋಗುವ ಸಾಧ್ಯತೆ ಚೆನ್ನಾಗಿದೆ. ಹತ್ತು ದಾಟಿದ ಮೇಲೆ ಡಾಕ್ಟರುಗಳೇ ಹಿಂದೆಮುಂದೆ ನೋಡುತ್ತಾರೆ. ಮನೆಯವರಿಗೆ ಇದು ತುಂಬಾ ನೋವಿನ ಮಾತು. ದುಡ್ಡು ಹೊಂದಿಸುತ್ತೇವೆ ಅಂದರೂ "ಈಗ ಬೇಡ" ಅಂತ ಹೇಳಿಸಿಕೊಳ್ಳೋದು ಅಂದರೆ!

ಆದರೆ ಡಾಕ್ಟರು ಹಾಗೆ ಹೇಳುವುದಕ್ಕೆ ಕಾರಣ ಇದೆ. ಕಸಿ ಮಾಡಿದ ದಿನವೇ ಕಾಯಿಲೆ ನಿಲ್ಲುವುದಿಲ್ಲ. ದಾನಿಯ ಕೋಶ ರಕ್ತದಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ಕಾಣಿಸಿಕೊಂಡರೂ, ಮಿದುಳಿಗೆ ಹೋಗಿ ನೆಲೆ ನಿಂತು ಕೆಲಸ ಶುರುಮಾಡಲು ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಬೇಕು. ಅಲ್ಲಿಯವರೆಗೆ ಹಾನಿ ಮುಂದುವರಿಯುತ್ತಲೇ ಇರುತ್ತದೆ. ಕಸಿಗೆ ಮೊದಲು ಕೊಡುವ ಕೀಮೋದ ಹೊಡೆತವೂ ಸೇರಿದರೆ ಕೆಲವರಲ್ಲಿ ಇನ್ನೂ ಬೇಗ ಕೆಡುತ್ತದೆ. ನಡೆದುಕೊಂಡು ಆಸ್ಪತ್ರೆಗೆ ಬಂದ ಹುಡುಗ ವರ್ಷದ ಕೊನೆಗೆ ವೀಲ್‌ಚೇರಿನಲ್ಲಿ ಇರಬಹುದು. ಕಾಯಿಲೆ ಅಲ್ಲಿಗೆ ನಿಂತಿರುತ್ತದೆ, ಕಸಿ "ಯಶಸ್ವಿ" ಅಂತಲೇ ಫೈಲಿನಲ್ಲಿ ಇರುತ್ತದೆ.

ಹಾಗಾಗಿ ಬರೀ ಬದುಕುಳಿದವರ ಲೆಕ್ಕ ನೋಡಿ ಮೋಸ ಹೋಗಬಾರದು. ಈಗಿನ ಅಧ್ಯಯನಗಳು ಇನ್ನೂ ಆರು ವಿಷಯ ಕೇಳುತ್ತವೆ. ಮಾತಿನ ಸಂಪರ್ಕ ಹೋಗಿದೆಯಾ, ಮಿದುಳಿನ ಕಾರಣಕ್ಕೆ ಕಣ್ಣು ಹೋಗಿದೆಯಾ, ಊಟ ಟ್ಯೂಬಿನಿಂದಲೇ ಆಗಬೇಕಾ, ವೀಲ್‌ಚೇರ್ ಬಿಟ್ಟು ಏಳಲಾರನಾ, ಮಲಮೂತ್ರದ ಹಿಡಿತ ಪೂರ್ತಿ ತಪ್ಪಿದೆಯಾ, ಬೇಕೆಂದ ಕಡೆ ಕೈಕಾಲು ಆಡಿಸುವುದೇ ನಿಂತಿದೆಯಾ. ಆರಕ್ಕೂ "ಇಲ್ಲ" ಅಂತ ಉತ್ತರ ಬಂದರೆ ಒಳ್ಳೆಯ ಫಲಿತಾಂಶ. ಬೇಗ ಕಸಿಯಾದ ಹುಡುಗರಲ್ಲಿ ಹೆಚ್ಚಿನವರು ಈ ಗುಂಪಿಗೆ ಸೇರುತ್ತಾರೆ. ಅವರಲ್ಲೂ ಕೆಲವರು ಲೆಕ್ಕ ಮಾಡುವಾಗ, ಬರೆಯುವಾಗ ನಿಧಾನ. ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚಿಗೆ ಬೇಕಾಗುತ್ತದೆ. ಅಷ್ಟೇ ಆದರೆ ನೆಮ್ಮದಿ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಕಸಿ ಎಎಲ್‌ಡಿಯನ್ನು ಪೂರ್ತಿ ಅಳಿಸುವುದಿಲ್ಲ. ಅಡ್ರಿನಲ್ ಗ್ರಂಥಿ ಸರಿಹೋಗುವುದಿಲ್ಲ, ಅದು ಸೋತವರಿಗೆ ಆ ಗ್ರಂಥಿಯ ಹಾರ್ಮೋನಿನ ಬದಲಿಗೆ ಜೀವನಪೂರ್ತಿ ಹೈಡ್ರೋಕಾರ್ಟಿಸೋನ್ ಮಾತ್ರೆ ಬೇಕು. ಜ್ವರ ವಾಂತಿ ಬಂದ ದಿನ ಡೋಸು ಹೆಚ್ಚಿಸದಿದ್ದರೆ ಪ್ರಾಣಕ್ಕೇ ಅಪಾಯ. ಬೆನ್ನುಹುರಿಯ ಕಥೆಯೂ ಹಾಗೇ. ಈ ಜೀನು ಇರುವ ಗಂಡಸರಿಗೆ ದೊಡ್ಡವರಾದ ಮೇಲೆ ಕಾಲು ಬಿಗಿಯುವುದು, ನಡಿಗೆ ಕೆಡುವುದು, ಮೂತ್ರದ ತೊಂದರೆ ಶುರುವಾಗುತ್ತದೆ. ಬಾಲ್ಯದಲ್ಲಿ ಕಸಿಯಾದವರಲ್ಲೂ ಇದು ಕಾಣಿಸಿಕೊಂಡ ವರದಿಗಳಿವೆ. ಅಂದರೆ ಏಳು ವರ್ಷದ ಹುಡುಗನ ಮಿದುಳು ಉಳಿದರೂ, ನಲವತ್ತರ ಗಂಡಸಿನ ನಡಿಗೆಗೆ ಗ್ಯಾರಂಟಿ ಇಲ್ಲ. ಕಸಿ ಬೇಡ ಅನ್ನಲು ಇದು ಕಾರಣ ಅಲ್ಲ. ಆದರೆ ಕಸಿ ಆಯಿತು, ಇನ್ನು ಆಸ್ಪತ್ರೆ ಮುಖ ನೋಡಬೇಕಾಗಿಲ್ಲ ಅಂತ ಯಾರಾದರೂ ಅಂದುಕೊಂಡರೆ ತಪ್ಪಾಗುತ್ತದೆ.

ಉಳಿದ ಕಾಯಿಲೆಗಳಲ್ಲಿ ಫಲ ಒಂದೊಂದು ಥರ. ಹರ್ಲರ್‌ನಲ್ಲಿ ದೀರ್ಘಕಾಲದ ಮಾಹಿತಿ ಚೆನ್ನಾಗಿಯೇ ಇದೆ. 2015ರಲ್ಲಿ ಪ್ರಕಟವಾದ ಒಂದು ಅಂತಾರಾಷ್ಟ್ರೀಯ ಅಧ್ಯಯನ 217 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಚಿಕ್ಕ ವಯಸ್ಸಿನಲ್ಲಿ, ಬುದ್ಧಿಶಕ್ತಿ ಇನ್ನೂ ಚೆನ್ನಾಗಿರುವಾಗ ಕಸಿಯಾದವರು ಚೆನ್ನಾಗಿ ಕಲಿತರು. ಹೃದಯ, ಲಿವರ್, ಉಸಿರಾಟ ಸುಧಾರಿಸಿತು. ಮೂಳೆ ಮಾತ್ರ ಮಾತು ಕೇಳಲಿಲ್ಲ. ಬೆನ್ನು ಗೂನು, ಸೊಂಟದ ಕೀಲು, ಮೊಣಕಾಲು, ಮಣಿಕಟ್ಟಿನಲ್ಲಿ ನರ ಹಿಸುಕಿಕೊಳ್ಳುವುದು, ಇವಕ್ಕೆಲ್ಲ ಒಂದಾದಮೇಲೊಂದು ಆಪರೇಷನ್. ಮೂಳೆಗೆ, ಕಣ್ಣಿನ ಕಾರ್ನಿಯಾಗೆ ರಕ್ತದ ಕಿಣ್ವ ಸರಿಯಾಗಿ ತಲುಪುವುದಿಲ್ಲ. ಹರ್ಲರ್‌ಗೆ ಕಿಣ್ವದ ಇಂಜೆಕ್ಷನ್ ಕೂಡ ಇದೆ, ಆದರೆ ಅದು ಮಿದುಳಿನ ತಡೆಗೋಡೆ ದಾಟುವುದಿಲ್ಲ. ಅದಕ್ಕೇ ತೀವ್ರ ಹರ್ಲರ್ ಇರುವ ಮಗುವಿಗೆ ಎರಡು ವರ್ಷದ ಆಸುಪಾಸಿನಲ್ಲೇ ಕಸಿ ಆಗಬೇಕು ಅನ್ನುವುದು.

ಕ್ರಾಬೆ ಅನ್ನುವುದೂ ಮಯಲಿನ್ ಕೆಡಿಸುವ, ಹೆಚ್ಚಾಗಿ ಶಿಶುಗಳಲ್ಲೇ ಶುರುವಾಗುವ ಕಾಯಿಲೆ. ಅದರ ಕಥೆ ಬೇರೆ ಪಾಠ ಹೇಳುತ್ತದೆ. 2005ರಲ್ಲಿ ಹೊಕ್ಕುಳಬಳ್ಳಿ ರಕ್ತದಿಂದ ಮಾಡಿದ ಕಸಿಯ ಫಲಿತಾಂಶ ಹೊರಗೆ ಬಂತು. ಲಕ್ಷಣ ಕಾಣಿಸುವ ಮೊದಲೇ, ಹುಟ್ಟಿದ ವಾರಗಳಲ್ಲೇ ಕಸಿಯಾದ 11 ಶಿಶುಗಳೂ ಉಳಿದವು. ಲಕ್ಷಣ ಬಂದಮೇಲೆ ಕಸಿಯಾದ 14ರಲ್ಲಿ ಅರ್ಧದಷ್ಟೂ ಉಳಿಯಲಿಲ್ಲ. ಎಲ್ಲರೂ ಖುಷಿಪಟ್ಟರು. ಮರುವರ್ಷವೇ ನ್ಯೂಯಾರ್ಕ್ ರಾಜ್ಯ ಹುಟ್ಟಿದ ಎಲ್ಲ ಮಕ್ಕಳಿಗೂ ಕ್ರಾಬೆ ಪರೀಕ್ಷೆ ಶುರುಮಾಡಿತು. ಎಂಟು ವರ್ಷದಲ್ಲಿ ಸುಮಾರು 19 ಲಕ್ಷ ಮಕ್ಕಳನ್ನು ಪರೀಕ್ಷಿಸಿ ಸಿಕ್ಕಿದ್ದು ಐದು ಮಕ್ಕಳು. ನಾಲ್ಕು ಮಕ್ಕಳಿಗೆ ಕಸಿ ಆಯಿತು, ಇಬ್ಬರು ಕಸಿಯ ತೊಡಕಿನಿಂದಲೇ ತೀರಿಕೊಂಡರು, ಉಳಿದ ಇಬ್ಬರ ಬೆಳವಣಿಗೆ ತುಂಬಾ ಹಿಂದೆ ಬಿತ್ತು. ಮೊದಲ 11 ಶಿಶುಗಳಂಥವರೂ ದೊಡ್ಡವರಾಗುತ್ತಾ ನಡಿಗೆಯಲ್ಲಿ, ಮಾತಿನಲ್ಲಿ, ಎತ್ತರದಲ್ಲಿ ತೊಂದರೆ ತೋರಿಸಿದ್ದಾರೆ. ಮೂರು ವರ್ಷದ ಫಲಿತಾಂಶಕ್ಕೂ ಹದಿನೈದು ವರ್ಷದ ಫಲಿತಾಂಶಕ್ಕೂ ಇಷ್ಟು ವ್ಯತ್ಯಾಸ. ಯಾರಾದರೂ "ನಮ್ಮಲ್ಲಿ ಸಕ್ಸಸ್ ರೇಟ್ ಇಷ್ಟು" ಅಂದರೆ, ಎಷ್ಟು ವರ್ಷದ ನಂತರ ಅಂತ ಕೇಳಿ.

ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೋಫಿ ಅನ್ನುವ, ಮಯಲಿನ್ ಕೆಡಿಸುವ ಇನ್ನೊಂದು ಕಾಯಿಲೆಯಲ್ಲಿ ಎರಡು ವರ್ಷದ ಆಸುಪಾಸಿನಲ್ಲಿ ಲಕ್ಷಣ ಬಂದ ಮಕ್ಕಳಿಗೆ ದಾನಿಯ ಕಸಿಯಿಂದ ಹೆಚ್ಚು ಲಾಭ ಇಲ್ಲ. ಕಾಯಿಲೆ ಓಡುವ ವೇಗಕ್ಕೆ ಕಸಿ ಸಾಟಿಯಾಗುವುದಿಲ್ಲ. ತಡವಾಗಿ ಶುರುವಾಗುವ ಬಗೆಯಲ್ಲಿ ಬೇಗ ಮಾಡಿದರೆ ಮಿದುಳು ನಿಲ್ಲುತ್ತದೆ, ಕೈಕಾಲಿನ ನರಗಳು ಕೆಡುತ್ತಾ ಹೋಗಬಹುದು.

ಇನ್ನು ಕಸಿಗೆ ದೇಹ ತೆರುವ ಬೆಲೆ. ದಾನಿಯ ಕೋಶಕ್ಕೆ ಜಾಗ ಮಾಡಿಕೊಡಲು ಬುಸಲ್ಫಾನ್‌ನಂಥ ಕೀಮೋ ಔಷಧ ಕೊಟ್ಟು ಮಗುವಿನ ಸ್ವಂತ ಮಜ್ಜೆಯನ್ನು ಖಾಲಿ ಮಾಡುತ್ತಾರೆ. ಮುಂದೆ ಮಕ್ಕಳಾಗದಿರುವ ಸಾಧ್ಯತೆ ಜಾಸ್ತಿ. ಏಳು ವರ್ಷದ ಹುಡುಗನಲ್ಲಿ ವೀರ್ಯ ತೆಗೆದಿಡಲೂ ಆಗುವುದಿಲ್ಲ. ದಾನಿಯ ಕೋಶಗಳು ಮಗುವಿನ ಚರ್ಮ, ಕರುಳು, ಲಿವರ್ ಮೇಲೆ ತಿರುಗಿಬೀಳಬಹುದು, ಕೆಲವರಲ್ಲಿ ಅದು ವರ್ಷಗಟ್ಟಲೆ ಕಾಡುತ್ತದೆ. ಥೈರಾಯ್ಡ್, ಬೆಳವಣಿಗೆ, ಪ್ರೌಢಾವಸ್ಥೆ, ಹಲ್ಲು, ಕಣ್ಣು, ಎಲ್ಲವನ್ನೂ ನೋಡುತ್ತಿರಬೇಕು. ಹುಟ್ಟಿದಾಗಿನಿಂದ ಹಾಕಿಸಿದ ಲಸಿಕೆಗಳ ಬಲ ಹೊರಟುಹೋಗಿರುತ್ತದೆ, ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕು. ಮೊದಲ ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಿ ಅನ್ನುತ್ತಾರೆ. ಆಮೇಲೂ ಮಣ್ಣು, ಧೂಳು, ದನದ ಕೊಟ್ಟಿಗೆಯಿಂದ ದೂರ ಇಡಿ ಅನ್ನುತ್ತಾರೆ. ಒಂದು ಗೋಡೆಯ ಆಚೆ ಹಸು, ಈಚೆ ಹುಳು ಮನೆ ಇರುವ ನಮ್ಮ ಕಡೆ ಇದನ್ನು ಪಾಲಿಸಬೇಕಾದರೆ ಅಮ್ಮ ಮಗ ಬೆಂಗಳೂರಿನಲ್ಲಿ ರೂಮು ಮಾಡಬೇಕು, ಅಪ್ಪ ಇಲ್ಲಿ ಒಬ್ಬರೇ ಫಿಲೇಚರು ನೋಡಿಕೊಳ್ಳಬೇಕು. ಈ ಬಾಡಿಗೆ, ಈ ನಷ್ಟ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ.

ದಾನಿಯ ತೊಡಕು ಬೇರೆ ಇದೆ. ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. 1990ರಲ್ಲಿ ಪ್ಯಾರಿಸಿನ ಪ್ಯಾಟ್ರಿಕ್ ಓಬೂರ್ಗ್ ತಂಡ ಎಎಲ್‌ಡಿಗೆ ಕಸಿಯಿಂದ ಲಾಭ ಇದೆ ಅಂತ ಮೊದಲ ಸಲ ತೋರಿಸಿದಾಗ, ಎಂಟು ವರ್ಷದ ಆ ಹುಡುಗನಿಗೆ ಮಜ್ಜೆ ಕೊಟ್ಟಿದ್ದು ಅವನ ಅವಳಿಯೇ. ತದ್ರೂಪಿ ಅಲ್ಲದ ಅವಳಿ, ಕಾಯಿಲೆಯೂ ಇರಲಿಲ್ಲ. ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ. ಅಣ್ಣನಿಗೆ ತಮ್ಮ ಹೊಂದಿದರೂ, ತಮ್ಮನಿಗೇ ಆ ಜೀನು ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಒಡಹುಟ್ಟಿದವರು ಸಿಗದಿದ್ದರೆ ದಾನಿಗಳ ನೋಂದಣಿ ಪಟ್ಟಿಯಲ್ಲಿ ಹುಡುಕಬೇಕು, ಅಥವಾ ಅರ್ಧ ಹೊಂದುವ ಅಪ್ಪ ಅಮ್ಮಂದಿರಿಂದ ಮಾಡಬೇಕು. ಈಗ ಅದೂ ನಮ್ಮ ದೇಶದಲ್ಲಿ ಚೆನ್ನಾಗಿಯೇ ನಡೆಯುತ್ತಿದೆ.

ಇಲ್ಲೇ ಒಂದು ಮಾತು. ಹೆರಿಗೆ ಆಸ್ಪತ್ರೆಗಳ ಹತ್ತಿರ ಹೊಕ್ಕುಳಬಳ್ಳಿ ರಕ್ತ ಕಾಪಿಡುವ ಕಂಪನಿಯವರು ಬ್ರೋಷರು ಹಿಡಿದು ಬರುತ್ತಾರಲ್ಲ, ಆನುವಂಶಿಕ ಕಾಯಿಲೆ ಬಂದ ಮಗುವಿಗೆ ಅದರದ್ದೇ ಬಳ್ಳಿಯ ರಕ್ತ ಉಪಯೋಗಕ್ಕೆ ಬರುವುದಿಲ್ಲ. ಕೆಟ್ಟ ಜೀನು ಅದರಲ್ಲೂ ಇರುತ್ತದೆ. ಹಾಗೆಯೇ ಬೆನ್ನಿಗೆ "ಸ್ಟೆಮ್ ಸೆಲ್" ಚುಚ್ಚಿ ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಎಲ್ಲಕ್ಕೂ ಚಿಕಿತ್ಸೆ ಅನ್ನುವ ಕ್ಲಿನಿಕ್ಕುಗಳಿಗೂ ಈ ಲೇಖನದ ಕಸಿಗೂ ಸಂಬಂಧ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟ. ಒಪ್ಪಿತವಾದ ರಕ್ತದ ಸ್ಟೆಮ್ ಸೆಲ್ ಕಸಿಯನ್ನು ಬಿಟ್ಟರೆ ಉಳಿದದ್ದೆಲ್ಲ ಸಂಶೋಧನೆ. ಸಂಶೋಧನೆಗೆ ರೋಗಿಯಿಂದ ದುಡ್ಡು ಕೀಳುವ ಹಾಗಿಲ್ಲ. ಜಮೀನು ಅಡ ಇಟ್ಟು ಇಂಥ ಕಡೆ ಹೋಗುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಜೀನ್ ಥೆರಪಿ ಬಂತಲ್ಲ, ಇನ್ನು ದಾನಿಯ ಗೊಡವೆಯೇ ಬೇಡ ಅಂತ ಕೇಳುವವರಿದ್ದಾರೆ. ಮಗುವಿನ ಸ್ವಂತ ಸ್ಟೆಮ್ ಸೆಲ್ ತೆಗೆದು, ಒಳ್ಳೆಯ ಜೀನು ಸೇರಿಸಿ ವಾಪಸ್ ಕೊಡುವ ವಿಧಾನ ಅದು. ಕೋಶ ತನ್ನದೇ ಆದ್ದರಿಂದ ತಿರುಗಿಬೀಳುವ ಭಯ ಇಲ್ಲ, ಆದರೆ ಕೀಮೋ ಇದ್ದದ್ದೇ. ಮೆಟಾಕ್ರೊಮ್ಯಾಟಿಕ್ ಕಾಯಿಲೆಯಲ್ಲಿ ಫಲಿತಾಂಶ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಮಿಲಾನಿನಲ್ಲಿ ಬೆಳೆದ ಆ ಚಿಕಿತ್ಸೆಗೆ ಯುರೋಪು 2020ರಲ್ಲಿ, ಅಮೆರಿಕ 2024ರಲ್ಲಿ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಇಟ್ಟ ಬೆಲೆ 42.5 ಲಕ್ಷ ಡಾಲರ್, ನಮ್ಮ ದುಡ್ಡಲ್ಲಿ 35 ಕೋಟಿ ರೂಪಾಯಿ ದಾಟುತ್ತದೆ. ಎಎಲ್‌ಡಿಯ ಜೀನ್ ಥೆರಪಿಗೆ 2022ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಎರಡು ವರ್ಷ ಆಗುವಷ್ಟರಲ್ಲಿ, ಪ್ರಯೋಗದಲ್ಲಿದ್ದ 67 ಹುಡುಗರಲ್ಲಿ ಏಳು ಮಂದಿಗೆ ರಕ್ತದ ಕ್ಯಾನ್ಸರ್ ಬಂದಿದೆ ಅಂತ ಪ್ರಕಟವಾಯಿತು. ಜೀನನ್ನು ಹೊತ್ತೊಯ್ಯುವ ವೈರಸ್ಸು ತಪ್ಪು ಜಾಗದಲ್ಲಿ ಕೂತು ಬೇರೆ ಜೀನನ್ನು ಕೆರಳಿಸಿತ್ತು. 2025ರಲ್ಲಿ ಅಲ್ಲಿನ ನಿಯಂತ್ರಕರು, ಹೊಂದುವ ದಾನಿ ಸಿಗದವರಿಗೆ ಮಾತ್ರ ಅಂತ ಮಿತಿ ಹಾಕಿದರು. ಹಾಗಾಗಿ ಎಎಲ್‌ಡಿಗೆ ಹಳೆಯ ಕಸಿಯೇ ಇನ್ನೂ ಮೊದಲ ಆಯ್ಕೆ. ದುಡ್ಡಿನ ಮಾತು ಬದಿಗಿಟ್ಟರೂ ಅಷ್ಟೇ.

ಬದಿಗಿಡಲು ಆಗುವುದಿಲ್ಲ, ಅದು ಬೇರೆ ವಿಷಯ. ಕಸಿಗೆ ಹತ್ತಾರು ಲಕ್ಷ ಬೇಕು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ, ಗುರುತಿಸಿದ ಆಸ್ಪತ್ರೆಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಇದೆ. ದುಡ್ಡು ಆಸ್ಪತ್ರೆಗೆ ಬರುತ್ತದೆ, ಮನೆಯವರ ಕೈಗಲ್ಲ. ಬೆಂಗಳೂರಿನಲ್ಲಿ ಇದಕ್ಕೆ ಗುರುತಿಸಿರುವುದು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯನ್ನು ಒಟ್ಟಾಗಿ. ಆಸ್ಪತ್ರೆ ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ನೀತಿಯ ಪಟ್ಟಿಯಲ್ಲಿ ಕಸಿಗೆ ಅರ್ಹವಾದ ಕಾಯಿಲೆಗಳ ಎದುರು ಏನು ಬರೆದಿದೆ ನೋಡಿ. ತೀವ್ರ ಹರ್ಲರ್, ಮೊದಲ ಎರಡು ವರ್ಷದೊಳಗೆ. ಎಎಲ್‌ಡಿ, ಆರಂಭದ ಹಂತದಲ್ಲಿ, ನರದ ಗಟ್ಟಿ ಲಕ್ಷಣಗಳು ಬರುವ ಮೊದಲು. ವೈದ್ಯಕೀಯವಾಗಿ ಇದು ನೂರಕ್ಕೆ ನೂರು ಸರಿ. ಆದರೆ ಲಕ್ಷಣ ಬರುವ ಮೊದಲು ಕಾಯಿಲೆ ಗುರುತಿಸುವ ವ್ಯವಸ್ಥೆಯೇ ಇಲ್ಲದ ಜಿಲ್ಲೆಗೆ ಈ ಷರತ್ತು ಏನು ಹೇಳಿದ ಹಾಗಾಯಿತು? ಮನೆಯಲ್ಲಿ ಮೊದಲು ಕಾಯಿಲೆ ಬಿದ್ದ ಹುಡುಗನಿಗೆ ನೆರವು ಸಿಗುವ ಹೊತ್ತಿಗೆ ಅವನು ಅದಕ್ಕೆ ಅರ್ಹನಾಗಿ ಉಳಿದಿರುವುದೇ ಕಷ್ಟ.

ನ್ಯೂಯಾರ್ಕ್ 2013ರ ಕೊನೆಯಿಂದ ಹುಟ್ಟಿದ ಪ್ರತಿ ಮಗುವಿನ ರಕ್ತದ ಹನಿಯಲ್ಲಿ ಎಎಲ್‌ಡಿ ನೋಡುತ್ತಿದೆ, 2016ರಿಂದ ಅದು ಅಮೆರಿಕದ ರಾಷ್ಟ್ರೀಯ ಶಿಫಾರಸು ಪಟ್ಟಿಯಲ್ಲಿದೆ. ನಮ್ಮಲ್ಲೂ ನಾಳೆಯೇ ಶುರುಮಾಡಿ ಅಂತ ನಾನು ಹೇಳುವುದಿಲ್ಲ. ಥೈರಾಯ್ಡಿನಂಥ ಸುಲಭದ ಪರೀಕ್ಷೆಯೇ ಎಲ್ಲ ನವಜಾತ ಶಿಶುಗಳಿಗೂ ಆಗುತ್ತಿಲ್ಲ. ಆದರೆ ಇದಕ್ಕಿಂತ ಅಗ್ಗದ ಎರಡು ದಾರಿಗಳಿವೆ.

ಮೊದಲನೆಯದು ಮೈಬಣ್ಣ. ಮೇಲೆ ಹೇಳಿದ ಶಿಡ್ಲಘಟ್ಟದ ಹುಡುಗ ಓದಿನಲ್ಲಿ ಹಿಂದೆ ಬೀಳುವ ಎಷ್ಟೋ ಮೊದಲೇ ಕಪ್ಪಾಗುತ್ತಾ ಬಂದಿರುತ್ತಾನೆ. ಅಡ್ರಿನಲ್ ಗ್ರಂಥಿ ಸೋತಾಗ ಹೀಗಾಗುತ್ತದೆ, ಎಎಲ್‌ಡಿಯ ಬಹಳಷ್ಟು ಹುಡುಗರಲ್ಲಿ ಮಿದುಳಿಗಿಂತ ಮೊದಲು ಸೋಲುವುದು ಆ ಗ್ರಂಥಿಯೇ. ನಮ್ಮ ಬಿಸಿಲಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. "ದಿನವಿಡೀ ಹೊರಗೆ ಆಡ್ತಾನೆ, ಕರ್ರಗಾಗಿದಾನೆ" ಅಂತ ಅಜ್ಜಿ ಹೇಳಿದರೆ ಮುಗಿಯಿತು. ಆದರೆ ಬಾಯಿ ತೆಗೆಸಿ ಒಸಡು ನೋಡಿ. ಅಂಗೈ ಗೆರೆ ನೋಡಿ, ಬೆರಳಿನ ಗೆಣ್ಣು ನೋಡಿ, ಹಳೆಯ ಗಾಯದ ಕಲೆ ನೋಡಿ. ಒಸಡಿಗೆ ಬಿಸಿಲು ಬೀಳುವುದಿಲ್ಲವಲ್ಲ. ಜೊತೆಗೆ ಸುಸ್ತು, ಆಗಾಗ ವಾಂತಿ, ಉಪ್ಪು ಬೇಕು ಬೇಕು ಅನ್ನುವುದು ಇದ್ದರೆ ಬೆಳಗಿನ ಹೊತ್ತು ಕಾರ್ಟಿಸೋಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನು) ಮತ್ತು ಎಸಿಟಿಎಚ್ (ಆ ಗ್ರಂಥಿಗೆ ಆಜ್ಞೆ ಕೊಡುವ ಹಾರ್ಮೋನು) ಪರೀಕ್ಷೆ ಮಾಡಿಸಬೇಕು. ಜಿಲ್ಲಾ ಕೇಂದ್ರದಲ್ಲಿ ರಕ್ತ ಕೊಟ್ಟರೂ ಸ್ಯಾಂಪಲ್ ಬೆಂಗಳೂರಿಗೆ ಹೋಗುತ್ತದೆ. ಅಡ್ರಿನಲ್ ಸೋತಿದೆ ಅಂತ ಬಂದ ಪ್ರತಿ ಹುಡುಗನಿಗೂ ಉದ್ದ ಸರಪಳಿಯ ಕೊಬ್ಬಿನಾಮ್ಲದ ಪರೀಕ್ಷೆ ಆಗಬೇಕು. ಅಷ್ಟು ಮಾಡಿದರೆ ಮಿದುಳು ಇನ್ನೂ ಚೆನ್ನಾಗಿರುವಾಗಲೇ ಕೆಲವರಾದರೂ ಸಿಗುತ್ತಾರೆ.

ಇದನ್ನು ನೋಡಲು ಹೊಸ ಇಲಾಖೆ ಬೇಕಾಗಿಲ್ಲ. 2013ರಿಂದ ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಮಕ್ಕಳ ತಪಾಸಣೆ ಯೋಜನೆಯ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತಿವೆ. ಹಲ್ಲು, ರಕ್ತಹೀನತೆ, ಕಣ್ಣು ನೋಡುವಾಗ ಒಸಡಿನ ಬಣ್ಣವನ್ನೂ ನೋಡಬಹುದು. ಹೋದ ವರ್ಷ ಓದುತ್ತಿದ್ದ ಮಗು ಈ ವರ್ಷ ಯಾಕೆ ಓದುತ್ತಿಲ್ಲ ಅಂತ ಮೇಡಂ ಹತ್ತಿರ ಒಂದು ಮಾತು ಕೇಳಬಹುದು. ಮೊದಲಿನಿಂದ ನಿಧಾನ ಇರುವುದು ಬೇರೆ, ಕಲಿತದ್ದನ್ನು ಕಳೆದುಕೊಳ್ಳುವುದು ಬೇರೆ. ಎರಡನೆಯದು ಕಂಡರೆ ಟ್ಯೂಷನ್ ಅಲ್ಲ, ನರರೋಗ ತಜ್ಞರು ಬೇಕು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಯೋಜನೆ ಶುರುಮಾಡಿದಾಗ ಪ್ರಾಯೋಗಿಕವಾಗಿ ಆರಿಸಿದ ಜಾಗಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಆ ಕ್ಲಿನಿಕ್ಕುಗಳ ಗಮನ ಹೆಚ್ಚಾಗಿ ತಲೆನೋವು, ಫಿಟ್ಸ್, ಪಾರ್ಶ್ವವಾಯು, ಮರೆವಿನ ಕಡೆಗೆ. ಮಕ್ಕಳ ವಿಷಯದಲ್ಲೂ ನಿಮ್ಹಾನ್ಸ್‌ಗೆ ಕಳಿಸುವ ದಾರಿ ಅಲ್ಲೇ ಸಿಗಬೇಕು.

ಎರಡನೆಯ ದಾರಿ ಮನೆಯೊಳಗಿಂದಲೇ ಹೋಗುತ್ತದೆ, ಅದು ಇನ್ನೂ ಕಷ್ಟ. ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಇನ್ನೂ ನಡೆಯುತ್ತದೆ. ಹರ್ಲರ್, ಕ್ರಾಬೆ, ಮೆಟಾಕ್ರೊಮ್ಯಾಟಿಕ್ ಕಾಯಿಲೆಗಳಲ್ಲಿ ಕೆಟ್ಟ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು, ರಕ್ತಸಂಬಂಧದಲ್ಲಿ ಅದರ ಸಾಧ್ಯತೆ ಜಾಸ್ತಿ. ಎಎಲ್‌ಡಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಸಾಮಾನ್ಯವಾಗಿ ಅಮ್ಮನ ಕಡೆಯಿಂದ ಬರುತ್ತದೆ, ಅವಳ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇದು ಗೊತ್ತಾದ ತಕ್ಷಣ ಮನೆಯಲ್ಲಿ ಏನಾಗುತ್ತದೆ ಅಂತ ಊಹಿಸುವುದು ಕಷ್ಟ ಅಲ್ಲ. "ನಿಮ್ಮ ಕಡೆಯದು" ಅನ್ನುವ ಮಾತು ಬರುತ್ತದೆ. ಅಮ್ಮನ ತಂಗಿಗೆ ಗಂಡು ನೋಡುತ್ತಿದ್ದರಂತೂ ವಿಷಯ ಹೊರಗೆ ಬಿಡುವುದೇ ಇಲ್ಲ. "ಅಕ್ಕಾ, ನನ್ನ ಮದುವೆ ಆಗೋವರೆಗೂ ಯಾರಿಗೂ ಹೇಳಬೇಡ" ಅಂತ ಅವಳು ಕೇಳಿದರೆ ಯಾರು ತಪ್ಪು ಅನ್ನುತ್ತಾರೆ? ಹೇಳದಿದ್ದರೆ ಅವಳ ಮಗನಿಗೂ ಅದೇ ದಾರಿ, ಅದೇ ಟ್ಯೂಷನ್, ಅದೇ ಕನ್ನಡಕ. ಇಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಮಾಡುವವರು ಅತ್ತೆ ಮಾವನ ಎದುರಿಗೆ ಅಲ್ಲದೆ, ಅಕ್ಕ ತಂಗಿಯರ ಜೊತೆ ಬೇರೆ ಕೂತು ಮಾತಾಡಬೇಕು.

ತಂಗಿಗೆ ಬರೀ ಕೊಬ್ಬಿನಾಮ್ಲದ ಪರೀಕ್ಷೆ ಸಾಲದು. ಜೀನು ಹೊತ್ತಿರುವ ಹೆಂಗಸರಲ್ಲಿ ಕೆಲವರಿಗೆ ಅದು ಮಾಮೂಲಿಯಾಗೇ ಬರುತ್ತದೆ, ಜೀನ್ ಪರೀಕ್ಷೆಯೇ ಆಗಬೇಕು. ಅಕ್ಕನ ಮಗನಲ್ಲಿ ಯಾವ ಬದಲಾವಣೆ ಇದೆ ಅಂತ ಗೊತ್ತಿದ್ದರೆ ಅದನ್ನೇ ಹುಡುಕುವುದು ಸುಲಭ, ಹಾಗಾಗಿ ಆ ರಿಪೋರ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಮ್ಮನಿಗೂ ವಯಸ್ಸಾಗುತ್ತಾ ಕಾಲು ಬಿಗಿಯುವ ತೊಂದರೆ ಬರಬಹುದು, ಅದನ್ನು ಬರೀ ಮಂಡಿನೋವು ಅಂತ ತಳ್ಳಿಹಾಕಬಾರದು. ಜೀನು ಇದೆ ಅಂತ ಗೊತ್ತಾದ ಗಂಡುಮಗುವಿಗೆ ಒಂದರಿಂದ ಒಂದೂವರೆ ವರ್ಷದಲ್ಲಿ ಮೊದಲ ಎಂಆರ್‌ಐ, ಮೂರರಿಂದ ಹನ್ನೆರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಜೊತೆಗೆ ಅಡ್ರಿನಲ್ ಪರೀಕ್ಷೆ. ಸ್ಕ್ಯಾನಿನಲ್ಲಿ ಮೊದಲ ಸಣ್ಣ ಮಚ್ಚೆ ಕಂಡ ದಿನ ಹುಡುಗ ಕ್ಲಾಸಿನಲ್ಲಿ ಮೊದಲ ಬೆಂಚಿನಲ್ಲೇ ಇರಬಹುದು, ಯಾರಿಗೂ ಏನೂ ಕಾಣಿಸುತ್ತಿರುವುದಿಲ್ಲ. ಕಸಿಗೆ ಸರಿಯಾದ ಸಮಯ ಅದೇ. ದಾನಿ ಯಾರು ಅಂತ ಅಷ್ಟರಲ್ಲಿ ನೋಡಿಟ್ಟುಕೊಂಡಿದ್ದರೆ ಮತ್ತೆ ಮೂರು ತಿಂಗಳು ಹುಡುಕಾಟದಲ್ಲಿ ಕಳೆಯುವುದು ತಪ್ಪುತ್ತದೆ.